ದೊಡ್ಡಪ್ಪನ ಮಳೆ ಪುಸ್ತಕದ ಎದುರು: ‘ಹವಾಮಾನ ಬಿಸಿಯಾಗಿದ್ದು ನಮ್ಮಿಂದಲೇ?’ ಎಂಬ ಚರ್ಚೆ ನಡೆಸುವ ಬಗೆ

2019ರ ಆಗಸ್ಟ್. ಮೂಡಿಗೆರೆ ಕಡೆ ಗುಡ್ಡಗಳು ಜಾರಿ ತೋಟಗಳ ಮೇಲೆ ಬಂದ ವಾರ. ದೊಡ್ಡಪ್ಪನ ಮನೆ ಜಗಲಿಯಲ್ಲಿ ಕೂತು, ‘ನೋಡಿ ದೊಡ್ಡಪ್ಪ, ಹವಾಮಾನ ಬದಲಾವಣೆ ಅಂದ್ರೆ ಇದೇ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಫಲ’ ಅಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಮಳೆ ಪುಸ್ತಕ ತಂದರು. ನಮ್ಮ ಕಡೆ ಹಳೇ ತೋಟಗಳಲ್ಲಿ ಇಂಥ ಪುಸ್ತಕ ಇದ್ದೇ ಇರುತ್ತೆ: ಬೆಳಿಗ್ಗೆ ಅಳೆದ ಮಳೆ, ಇಂಚು ಮತ್ತು ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ. 1961ರ ಜುಲೈ ಪುಟ ತೆಗೆದು ನನ್ನ ಮುಂದಿಟ್ಟರು. ಅದರ ಎದುರು 2019ರ ಮಳೆ ದೊಡ್ಡದಾಗಿ ಕಾಣಲಿಲ್ಲ. ‘ಆಗ ಈ ಊರಲ್ಲಿ ಇದ್ದದ್ದು ಒಂದೇ ಜೀಪು ಕಣಪ್ಪ. ಅದರ ಹೊಗೆಗೆ ಇಷ್ಟು ಮಳೆ ಬಂತಾ?’

ಹಾಸನದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಆಮೇಲೆ ಅರ್ಥವಾಯಿತು. ವಿಜ್ಞಾನ ನನ್ನ ಕಡೆಗೇ ಇತ್ತು, ಆದರೆ ನಾನು ಅದರ ಅತ್ಯಂತ ದುರ್ಬಲ ತುದಿ ಹಿಡಿದು ಮಾತು ಶುರು ಮಾಡಿದ್ದೆ. ಮಲೆನಾಡಿನ ಮಳೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಒಂದು ತೋಟಕ್ಕೂ ಪಕ್ಕದ ತೋಟಕ್ಕೂ ಹೊಂದುವುದಿಲ್ಲ. ಮನುಷ್ಯನ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡುತ್ತಿದೆಯೇ ಎನ್ನುವುದು ತೀರ್ಮಾನವಾಗುವುದು ಮಳೆಯ ಡಬ್ಬಿಯಲ್ಲಲ್ಲ. ಬೇರೆ ಕಡೆ ತೀರ್ಮಾನ ಮಾಡಿಕೊಂಡು, ಕೊನೆಯಲ್ಲಿ ಮಳೆ ಪುಸ್ತಕಕ್ಕೆ ವಾಪಸ್ ಬರಬೇಕು. ಆ ಸಂಜೆಯ ನಂತರ ದೊಡ್ಡಪ್ಪನ ಜೊತೆ, ವಿದ್ಯಾರ್ಥಿಗಳ ಜೊತೆ, ಬೆಳೆಗಾರ ಸ್ನೇಹಿತರ ಜೊತೆ ಈ ಚರ್ಚೆಯನ್ನು ಹಲವು ಸಲ ಮಾಡಿದ್ದೇನೆ. ಮಾಡಿ ಮಾಡಿ ಕಂಡುಕೊಂಡ ಕ್ರಮ ಇದು.

ಮೊದಲ ಹೆಜ್ಜೆ: ಒಂದು ಪ್ರಶ್ನೆಯನ್ನು ನಾಲ್ಕಾಗಿ ಬಿಡಿಸಿ

‘ಹವಾಮಾನ ಬದಲಾವಣೆ ನಿಜವೋ ಸುಳ್ಳೋ’ ಎಂದು ಕೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಹಾಳೆಯ ಮೇಲೆ ನಾಲ್ಕು ಪ್ರಶ್ನೆ ಬರೆಯಿರಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆಯೇ? ಹೆಚ್ಚಾಗಿದ್ದು ನಮ್ಮಿಂದಲೇ? ಅದು ಹೆಚ್ಚಾದರೆ ನೆಲ ಬಿಸಿಯಾಗುತ್ತದೆಯೇ, ಆಗಿದೆಯೇ? ಮುಂದೆ ಎಷ್ಟು ಬಿಸಿಯಾದೀತು? ಮೊದಲ ಮೂರಕ್ಕೆ ವಿಜ್ಞಾನದ ಉತ್ತರ ಗಟ್ಟಿಯಾಗಿದೆ. ನಾಲ್ಕನೆಯದರಲ್ಲಿ ಇಂದಿಗೂ ನಿಜವಾದ ಭಿನ್ನಾಭಿಪ್ರಾಯ ಉಂಟು.

ಐದನೆಯ ಪ್ರಶ್ನೆಯೊಂದು ತಾನಾಗಿ ನುಸುಳುತ್ತದೆ: ‘ಹಾಗಾದರೆ ಏನು ಮಾಡಬೇಕು, ಯಾರು ಮಾಡಬೇಕು?’ ಅದಕ್ಕೆ ಬೇರೆ ಹಾಳೆ ಇಡಿ. ನಮ್ಮ ಜಿಲ್ಲೆಗಳಲ್ಲಿ ಇದು ತುಂಬ ಮುಖ್ಯ. ಪಶ್ಚಿಮ ಘಟ್ಟದ ಒಂದು ಪಾಲನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ ಕಸ್ತೂರಿರಂಗನ್ ವರದಿ 2013ರಲ್ಲಿ ಬಂದಾಗಿನಿಂದ ಇಲ್ಲಿ ‘ಪರಿಸರ’ ಅಂದ ಕೂಡಲೇ ‘ನಮ್ಮನ್ನು ಒಕ್ಕಲೆಬ್ಬಿಸೋಕೆ ಬಂದ್ರು’ ಎಂಬ ಅಂಜಿಕೆ ಎದ್ದು ನಿಲ್ಲುತ್ತದೆ. ಆ ಅಂಜಿಕೆ ಸುಳ್ಳಲ್ಲ. ಗೋಮಾಳ, ಅರಣ್ಯ, ಒತ್ತುವರಿಯ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರ ಮನಸ್ಸಿನಲ್ಲಿ ಅದು ಇರುವುದು ಸಹಜ. ಆದರೆ ಕಾಯಿದೆಯ ಮೇಲಿನ ಸಿಟ್ಟನ್ನು ಅನಿಲದ ಭೌತಶಾಸ್ತ್ರದ ಮೇಲೆ ತೀರಿಸಿಕೊಳ್ಳಲಾಗದು. ‘ದೊಡ್ಡಪ್ಪ, ಸರ್ಕಾರದ ವಿಷಯ ಆ ಹಾಳೆಯಲ್ಲಿರಲಿ, ಅದಕ್ಕೂ ಕೂರೋಣ’ ಎಂದ ಮೇಲೆಯೇ ಅವರು ನನ್ನ ಮಾತಿಗೆ ಕಿವಿಗೊಟ್ಟಿದ್ದು.

ಎರಡನೆಯದು: ಮನಸ್ಸು ಬದಲಾಗಲು ಏನು ಬೇಕು?

ಇಬ್ಬರೂ ಬರೆದಿಡಿ, ನೀವೂ ಬರೆಯಿರಿ. ನಾನು ಬರೆದದ್ದು: ‘ಸೂರ್ಯನ ಶಾಖ ಐವತ್ತು ವರ್ಷದಿಂದ ಏರುತ್ತಲೇ ಬಂದಿದೆ ಎಂದು ತೋರಿಸಿದರೆ ನನ್ನ ವಾದ ಬಿಡುತ್ತೇನೆ.’ ದೊಡ್ಡಪ್ಪ ಬರೆದದ್ದು: ‘ಆ ಗಾಳಿ ನಮ್ಮದೇ ಹೊಗೆಯದು ಅಂತ ಗುರುತು ತೋರಿಸು.’ ಇನ್ನೊಂದು ಸೂಕ್ಷ್ಮ: ಹತ್ತು ಜನರ ಎದುರು ಹಿರಿಯರನ್ನು ಈ ಚರ್ಚೆಗೆ ಎಳೆಯಬೇಡಿ. ಮದುವೆ ಮನೆಯಲ್ಲಂತೂ ಬೇಡವೇ ಬೇಡ. ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ, ಇಬ್ಬರೇ ಕೂತಾಗ ಮಾಡಿ.

ಮೂರನೆಯದು: ಜಂಟಿ ಖಾತೆಯ ಲೆಕ್ಕ

ಇದಕ್ಕೆ ಒಂದು ಸಂಜೆ ಪೂರ್ತಿ ಮೀಸಲಿಡಿ. ಇಡೀ ಚರ್ಚೆಯ ಬೆನ್ನೆಲುಬು ಇದೇ.

ಅಳತೆಯಿಂದ ಶುರು ಮಾಡಿ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿ ಅಳೆಯಲು ತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕದ ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಗುಳ್ಳೆಗಳನ್ನು ಒಡೆದು ನೋಡಿದರೆ, ಕೈಗಾರಿಕೆಗಳು ಬರುವ ಮುಂಚೆ ಇದ್ದದ್ದು ಸುಮಾರು 280. ಎಂಟು ಲಕ್ಷ ವರ್ಷ ಹಿಂದಕ್ಕೆ ಹೋದರೂ 300ರ ಆಸುಪಾಸಿನಿಂದ ಮೇಲೆ ಹೋಗಿಲ್ಲ. ‘ಮೌನಾ ಲೋವಾ ಜ್ವಾಲಾಮುಖಿ ಅಲ್ಲವಾ, ಅದರ ಹೊಗೆಯನ್ನೇ ಅಳೆದಿರಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರಲಿ, ಒಳ್ಳೆಯ ಪ್ರಶ್ನೆ. ದಕ್ಷಿಣ ಧ್ರುವದಲ್ಲೂ ಅಳೆದಿದ್ದಾರೆ. ನಮ್ಮ ಗೋವಾದ ಕಡಲ ತೀರದ ಕಾಬೊ ದ ರಾಮಾದಲ್ಲಿಯೂ 1993ರಿಂದ ಗಾಳಿಯ ಮಾದರಿ ಸಂಗ್ರಹಿಸಿದ್ದಾರೆ. ಏರಿಕೆ ಎಲ್ಲೆಡೆ ಕಾಣುತ್ತದೆ.

ಈಗ ಖಾತೆ. ಅಣ್ಣ ತಮ್ಮಂದಿರದ್ದು ಸೊಸೈಟಿಯಲ್ಲಿ ಒಂದು ಜಂಟಿ ಖಾತೆ ಇದೆ ಎಂದುಕೊಳ್ಳಿ. ನೀವು ವರ್ಷಕ್ಕೆ 40 ಸಾವಿರ ಕಟ್ಟುತ್ತೀರಿ, ತೆಗೆಯುವುದು ಏನೂ ಇಲ್ಲ. ಉಳಿದವರು ಲಕ್ಷಗಟ್ಟಲೆ ಕಟ್ಟುತ್ತಾರೆ, ಲಕ್ಷಗಟ್ಟಲೆ ತೆಗೆಯುತ್ತಾರೆ. ವರ್ಷದ ಕೊನೆಗೆ ಖಾತೆಯಲ್ಲಿರುವ ಹಣ 20 ಸಾವಿರ ಮಾತ್ರ ಹೆಚ್ಚಾಗಿದೆ. ಉಳಿದವರೆಲ್ಲ ಸೇರಿ ಕಟ್ಟಿದ್ದಕ್ಕಿಂತ ತೆಗೆದದ್ದೇ ಹೆಚ್ಚು ಎನ್ನಲು ಅವರ ಒಂದೊಂದು ಚೀಟಿಯನ್ನೂ ನೋಡಬೇಕಿಲ್ಲ.

ಗಾಳಿಯ ಲೆಕ್ಕವೂ ಹೀಗೆಯೇ. ಕಲ್ಲಿದ್ದಲು, ಎಣ್ಣೆ, ಅನಿಲ, ಸಿಮೆಂಟು, ಕಾಡು ಕಡಿತ ಎಲ್ಲ ಸೇರಿ ಮನುಷ್ಯ ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಗಾಳಿಯಲ್ಲಿ ಒಂದು ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಭಾಗ) ಏರಬೇಕಾದರೆ ಸುಮಾರು 780 ಕೋಟಿ ಟನ್ ಬೇಕು. ವರ್ಷಕ್ಕೆ ಏರುತ್ತಿರುವುದು ಎರಡೂವರೆ ಪಿಪಿಎಂ ಆಸುಪಾಸು, ಅಂದರೆ ಸುಮಾರು 2,000 ಕೋಟಿ ಟನ್. ನಾವು ಬಿಟ್ಟದ್ದರ ಅರ್ಧ. ಉಳಿದರ್ಧವನ್ನು ಸಮುದ್ರ ಮತ್ತು ಗಿಡಮರಗಳು ಹೀರಿಕೊಂಡಿವೆ. ‘ಪ್ರಕೃತಿ ಬಿಡುವುದು ಮನುಷ್ಯ ಬಿಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು’ ಎಂಬ ಮಾತು ನಿಜ. ಆದರೆ ಪ್ರಕೃತಿ ಬಿಟ್ಟದ್ದಕ್ಕಿಂತ ಹೆಚ್ಚು ವಾಪಸ್ ತೆಗೆದುಕೊಳ್ಳುತ್ತಿದೆ. ಜ್ವಾಲಾಮುಖಿಗಳ ಪಾಲು ಮನುಷ್ಯನ ಪಾಲಿನ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ನಾವು ಬಿಡುವ ಉಸಿರು ಈಚೆಗೆ ಬೆಳೆದ ಅನ್ನದ್ದೇ ಇಂಗಾಲ, ಅದು ಹೊಸ ಜಮೆ ಅಲ್ಲ.

ಕೈಗೆ ಸಿಗುವ ಅಳತೆ ಬೇಕೆಂದರೆ ಡೀಸೆಲ್ ತೆಗೆದುಕೊಳ್ಳಿ. ಒಂದು ಲೀಟರ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಎಣ್ಣೆಯ ತೂಕಕ್ಕಿಂತ ಹೊಗೆಯ ತೂಕ ಹೆಚ್ಚೇ ಎಂದು ಹುಡುಗರು ಬೆರಗಾಗುತ್ತಾರೆ. ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ಹಾಗೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಬಿಡಲು 200 ಲೀಟರಿನ ಒಂದು ಬ್ಯಾರೆಲ್ ಡೀಸೆಲ್ ಸುಟ್ಟರೆ ಅರ್ಧ ಟನ್‌ಗೂ ಹೆಚ್ಚು.

ದೊಡ್ಡಪ್ಪ ಕೇಳಿದ ‘ಗುರುತು’ ಈಗ. ಇಂಗಾಲದಲ್ಲಿ ಮೂರು ತೂಕದವು ಇವೆ: 12, 13, 14. ಇಂಗಾಲ-14 ಕಾಲ ಕಳೆದಂತೆ ಸವೆಯುತ್ತದೆ, 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಉಳಿದಿಲ್ಲ. ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತಿದೆ ಎಂದು ಹಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದರು. ಗಿಡಗಳು ಹಗುರ ಇಂಗಾಲವನ್ನೇ ಹೆಚ್ಚು ಹೀರುವುದರಿಂದ, ಗಿಡದಿಂದಲೇ ಆದ ಕಲ್ಲಿದ್ದಲು, ಎಣ್ಣೆಯಲ್ಲಿ ಇಂಗಾಲ-13 ಕಡಿಮೆ. ಗಾಳಿಯಲ್ಲೂ ಅದರ ಪಾಲು ಇಳಿಯುತ್ತಿದೆ. ಜ್ವಾಲಾಮುಖಿಯಿಂದ ಬಂದಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಜೊತೆಗೆ ಗಾಳಿಯ ಆಮ್ಲಜನಕವೂ ಅತಿ ಸ್ವಲ್ಪ ಪ್ರಮಾಣದಲ್ಲಿ ಕಮ್ಮಿಯಾಗುತ್ತಿದೆ, ಏನನ್ನೋ ಸುಟ್ಟಿದ್ದಾರೆ ಎಂಬುದಕ್ಕೆ ಸಾಕ್ಷಿ. ಸಮುದ್ರವೇ ಹೊರಗೆ ಬಿಡುತ್ತಿದೆಯೇ ಎಂದರೆ ಅದೂ ಇಲ್ಲ, ಸಮುದ್ರದ ನೀರಿನ ಆಮ್ಲೀಯತೆ ಏರುತ್ತಿದೆ, ಅದು ಒಳಗೆಳೆದುಕೊಳ್ಳುತ್ತಿದೆ. ಇಷ್ಟು ಹೇಳಿದ ಮೇಲೆ ದೊಡ್ಡಪ್ಪ ಎರಡನೇ ಪ್ರಶ್ನೆಯ ಮುಂದೆ ತಾವೇ ಗೀಟು ಎಳೆದರು.

ನಾಲ್ಕನೆಯದು: ಕಾಫಿ ಕಣದ ಇಬ್ಬನಿಯಿಂದ ಶಾಖದ ಪಾಠ

ಮೊದಲು ಒಂದು ಎಚ್ಚರಿಕೆ. ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ಸೋಡಾದ ಗ್ಯಾಸ್ ತುಂಬಿ, ಬಲ್ಬಿನ ಕೆಳಗಿಟ್ಟು, ‘ನೋಡಿ ಇದು ಹೆಚ್ಚು ಬಿಸಿಯಾಯಿತು’ ಎಂದು ತೋರಿಸುವ ಪ್ರಯೋಗ ಶಾಲೆಗಳಲ್ಲಿ ನಡೆಯುತ್ತದೆ. ಅದನ್ನು ಮಾಡಬೇಡಿ. ಅಲ್ಲಿ ಕಾಣುವ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಆ ಅನಿಲ ಗಾಳಿಗಿಂತ ಭಾರವಾಗಿದ್ದು ಬಾಟಲಿಯೊಳಗೆ ಸರಿಯಾಗಿ ಸುಳಿದಾಡದಿರುವುದು. ತಿಳಿದವರು ಯಾರಾದರೂ ಅದನ್ನು ಎತ್ತಿ ತೋರಿಸಿದರೆ ನೀವು ಹೇಳಿದ ಸತ್ಯವೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತದೆ. ನಾನು ಅದನ್ನು ತರಗತಿಯಲ್ಲಿ ಎಷ್ಟೋ ವರ್ಷ ಮಾಡಿ ತೋರಿಸಿದ್ದೇನೆ; ಆ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನಲ್ಲ ಎಂಬ ನೋವು ಇನ್ನೂ ಇದೆ.

ಅದರ ಬದಲು ಕಣಕ್ಕೆ ಹೋಗಿ. ಜನವರಿಯಲ್ಲಿ ಕಾಫಿ ಒಣಗಿಸುವವರಿಗೆ ಗೊತ್ತು: ಆಕಾಶ ತಿಳಿಯಾಗಿದ್ದ ರಾತ್ರಿ ಇಬ್ಬನಿ ಜಾಸ್ತಿ, ಚಳಿಯೂ ಜಾಸ್ತಿ. ಅದಕ್ಕೇ ಸಂಜೆ ಕಾಫಿಯನ್ನು ಗುಡ್ಡೆ ಎಳೆದು ಟಾರ್ಪಾಲ್ ಮುಚ್ಚುತ್ತೇವೆ. ಮೋಡ ಮುಚ್ಚಿದ ರಾತ್ರಿ ಇಬ್ಬನಿ ಕಮ್ಮಿ. ಬಯಲಲ್ಲಿ ಹುಲ್ಲು ತೊಯ್ದಿರುತ್ತದೆ, ಮರದ ಕೆಳಗೆ ಒಣಗಿರುತ್ತದೆ. ಯಾಕೆ? ನೆಲ ರಾತ್ರಿಯಿಡೀ ಕಣ್ಣಿಗೆ ಕಾಣದ ಶಾಖದ ಕಿರಣವನ್ನು ಆಕಾಶಕ್ಕೆ ಬಿಡುತ್ತಿರುತ್ತದೆ. ಮೇಲೆ ಮೋಡವೋ ಮರವೋ ಇದ್ದರೆ ಅದು ಆ ಶಾಖವನ್ನು ಹೀರಿ ಒಂದಷ್ಟನ್ನು ಕೆಳಗೆ ವಾಪಸ್ ಕಳಿಸುತ್ತದೆ. ಮೆಕ್ಯಾನಿಕ್‌ಗಳು ಇಂಜಿನ್ ಬಿಸಿ ನೋಡಲು ಇಟ್ಟುಕೊಳ್ಳುವ ಗನ್ ಥರ್ಮಾಮೀಟರ್ ಸಿಕ್ಕರೆ ರಾತ್ರಿ ತಿಳಿ ಆಕಾಶಕ್ಕೊಮ್ಮೆ, ಮೋಡಕ್ಕೊಮ್ಮೆ ಹಿಡಿದು ನೋಡಿ. ಮೋಡ ಬಹಳ ಬೆಚ್ಚಗೆ ತೋರುತ್ತದೆ. ಇದು ಇಂಗಾಲದ ಡೈಆಕ್ಸೈಡನ್ನು ನೇರವಾಗಿ ತೋರಿಸುವುದಿಲ್ಲ ಎಂದೂ ಹೇಳಿಬಿಡಿ. ಆಕಾಶದಿಂದಲೂ ಶಾಖ ಕೆಳಗೆ ಬರುತ್ತದೆ ಎಂಬಷ್ಟನ್ನು ತೋರಿಸುತ್ತದೆ.

ಇಂಗಾಲದ ಡೈಆಕ್ಸೈಡ್ ಆ ಕೆಲಸ ಮಾಡುತ್ತದೆ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. 1856ರಲ್ಲಿ ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ ಈ ಅನಿಲ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಗುವುದನ್ನು ಗಮನಿಸಿದರು. 1859ರಲ್ಲಿ ಜಾನ್ ಟಿಂಡಲ್ ಶಾಖದ ಕಿರಣವನ್ನು ಅದು ಹೀರುವುದನ್ನು ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಇದು ಎರಡರಷ್ಟಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಯಲ್ಲೇ ಲೆಕ್ಕ ಹಾಕಿದರು. ಆಗ ನಮ್ಮ ಘಾಟಿಯಲ್ಲಿ ಓಡುತ್ತಿದ್ದುದು ಎತ್ತಿನ ಗಾಡಿ.

‘ಹತ್ತು ಸಾವಿರಕ್ಕೆ ನಾಲ್ಕು ಭಾಗ, ಅಷ್ಟರಿಂದ ಏನಾಗುತ್ತೆ?’ ಎಂದರೆ ಸ್ಪ್ರೇ ಬ್ಯಾರೆಲ್ಲಿನ ಲೆಕ್ಕ ಹೇಳಿ. 200 ಲೀಟರಿಗೆ 420 ಪಿಪಿಎಂ ಎಂದರೆ 84 ಮಿಲಿಲೀಟರ್. ಅಷ್ಟು ಔಷಧಿ ಬೀಳುವ ಬ್ಯಾರೆಲ್ಲನ್ನು ಯಾವ ಬೆಳೆಗಾರನೂ ‘ಬರೀ ನೀರು’ ಅನ್ನುವುದಿಲ್ಲ. ಆದರೆ ಹೋಲಿಕೆ ಪುರಾವೆಯಲ್ಲ. ನಿಜವಾದ ಕಾರಣ, ಗಾಳಿಯ ನೂರಕ್ಕೆ 99 ಪಾಲಾದ ಸಾರಜನಕ, ಆಮ್ಲಜನಕ ಎರಡೂ ಈ ಶಾಖದ ಕಿರಣವನ್ನು ತಡೆಯುವುದೇ ಇಲ್ಲ. ತಡೆಯುವ ಕೆಲಸವೆಲ್ಲ ಉಳಿದ ಚೂರಿನದ್ದು. ಅದನ್ನು ನೇರವಾಗಿಯೂ ಅಳೆದಿದ್ದಾರೆ: ಅಮೆರಿಕದ ಓಕ್ಲಹೋಮ ಮತ್ತು ಅಲಾಸ್ಕಾದಲ್ಲಿ 2000ದಿಂದ 2010ರವರೆಗೆ ಆಕಾಶದಿಂದ ಇಳಿಯುವ ಶಾಖವನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ, ಇಂಗಾಲದ ಡೈಆಕ್ಸೈಡಿನ ಪಾಲೊಂದೇ ದಶಕಕ್ಕೆ ಚದರ ಮೀಟರಿಗೆ 0.2 ವ್ಯಾಟ್ ಏರಿತ್ತು.

ಐದನೆಯದು: ಉಳಿದ ಆರೋಪಿಗಳನ್ನು ವಿಚಾರಿಸಿ

ಸೂರ್ಯ ಮೊದಲ ಆರೋಪಿ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ನೂರಕ್ಕೆ 0.1ರಷ್ಟು ಏರಿಳಿಯುತ್ತದೆ, ಅಷ್ಟೇ, ಏರುತ್ತಾ ಹೋಗಿಲ್ಲ. ಭೂಮಿ ಮಾತ್ರ ಬಿಸಿಯಾಗುತ್ತಾ ಹೋಗಿದೆ.

ಇನ್ನೂ ಬಲವಾದ ಗುರುತು ಎತ್ತರದಲ್ಲಿದೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆದದ್ದು ಹಾಗಲ್ಲ: ಕೆಳಗಿನ ಪದರ ಬಿಸಿಯಾಗಿದೆ, ಮೇಲಿನ ಪದರ ತಣ್ಣಗಾಗಿದೆ. ಓಜೋನ್ ತೆಳುವಾದದ್ದಕ್ಕೂ ಅದರಲ್ಲೊಂದು ಪಾಲಿದೆ, ಆದರೆ ತೀರ ಮೇಲಿನ ಪದರಗಳ ತಣಿತಕ್ಕೆ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್. ಇದನ್ನು ಅಳೆದ ಮೇಲೆ ಕಟ್ಟಿದ ಕಥೆ ಎನ್ನುವ ಹಾಗಿಲ್ಲ. ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಹೀಗಾಗುತ್ತದೆ ಎಂದು ಲೆಕ್ಕ ಮಾಡಿ ಬರೆದಿದ್ದರು. ಮನಾಬೆಗೆ 2021ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನನ್ನ ಇಷ್ಟು ವರ್ಷದ ಪಾಠದಲ್ಲಿ ಇದಕ್ಕಿಂತ ಚೆನ್ನಾದ ಸಾಕ್ಷಿ ನಾನು ಕಂಡಿಲ್ಲ.

ತಾಪಮಾನದ ದಾಖಲೆಯನ್ನೇ ನಂಬದವರಿಗೆ ರಿಚರ್ಡ್ ಮುಲ್ಲರ್ ಅವರ ವಿಷಯ ಹೇಳಿ. ಕ್ಯಾಲಿಫೋರ್ನಿಯಾದ ಈ ಭೌತವಿಜ್ಞಾನಿಗೆ ಹಳೆಯ ದಾಖಲೆಗಳ ಮೇಲೆ ಅನುಮಾನವಿತ್ತು. ತಾವೇ ತಂಡ ಕಟ್ಟಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಮಾಡಿದರು. ಹಣ ಕೊಟ್ಟವರಲ್ಲಿ ಎಣ್ಣೆ ಉದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್, ಬಿಸಿಯಾಗಿರುವುದು ನಿಜ, ಹೆಚ್ಚುಕಡಿಮೆ ಪೂರ್ತಿ ಮನುಷ್ಯನಿಂದಲೇ ಎಂದು ಒಪ್ಪಿಕೊಂಡರು.

ಆರನೆಯದು: ಎದುರಿನವರ ಮಾತಿನಲ್ಲಿ ನಿಜ ಇದ್ದಾಗ ಒಪ್ಪಿಕೊಳ್ಳಿ

‘ಹವಾಮಾನ ಯಾವತ್ತೂ ಬದಲಾಗುತ್ತಲೇ ಇತ್ತು.’ ನಿಜ. ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಆ ಬಂಡೆ ಕಾಣದ ಹವಾಮಾನವಿಲ್ಲ. ಹಿಂದೆ ಕಾಡಿಗೆ ಸಿಡಿಲಿನಿಂದ ಬೆಂಕಿ ಬಿದ್ದಿತ್ತು ಎಂದಮಾತ್ರಕ್ಕೆ ಇವತ್ತಿನ ಬೆಂಕಿಯನ್ನು ಯಾರೂ ಹಚ್ಚಿಲ್ಲ ಎಂದಾಗುವುದಿಲ್ಲ.

‘ಹಿಮಯುಗ ಮುಗಿಯುವಾಗ ಅಂಟಾರ್ಕ್ಟಿಕ ಮೊದಲು ಬಿಸಿಯಾಯಿತು, ಇಂಗಾಲದ ಡೈಆಕ್ಸೈಡ್ ಆಮೇಲೆ ಏರಿತು.’ ಇದೂ ಬಹುಮಟ್ಟಿಗೆ ನಿಜ. ಭೂಮಿಯ ಕಕ್ಷೆ, ವಾಲುವಿಕೆ ಸ್ವಲ್ಪ ಬದಲಾಗಿ ಬಿಸಿ ಶುರುವಾಯಿತು. ಬಿಸಿಯಾದ ಸಮುದ್ರ ಅನಿಲ ಬಿಟ್ಟಿತು. ಆ ಅನಿಲ ಬಿಸಿಯನ್ನು ಇನ್ನಷ್ಟು ಏರಿಸಿ ಭೂಮಿಗೆಲ್ಲ ಹರಡಿತು. ಇವತ್ತು ಅನಿಲವೇ ಮೊದಲು ಬಂದಿದೆ.

‘ನೀರಾವಿಯೇ ದೊಡ್ಡ ಹಸಿರುಮನೆ ಅನಿಲ.’ ಖಂಡಿತ, ಶಾಖವನ್ನು ತಡೆದು ಹಿಡಿಯುವ ಅನಿಲಗಳಲ್ಲಿ ಅದೇ ದೊಡ್ಡದು. ಆದರೆ ನೀರಾವಿ ಹೆಚ್ಚಾದರೆ ಹತ್ತು ದಿನದೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಹಾಗಾಗಿ ಅದು ಬೇರೆಯವರು ಶುರು ಮಾಡಿದ ಬಿಸಿಯನ್ನು ದೊಡ್ಡದು ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಮಳೆಯ ಜೊತೆ ಹಾಗೆ ಇಳಿದುಹೋಗುವುದಿಲ್ಲ. ಏರಿದ್ದರ ದೊಡ್ಡ ಪಾಲು ಶತಮಾನಗಳ ಕಾಲ ಉಳಿಯುತ್ತದೆ.

‘ಗಿಡಗಳಿಗೆ ಅದು ಗೊಬ್ಬರ.’ ಹೌದು, ಕಾಫಿಯೂ ಅದನ್ನು ಉಂಡು ಬೆಳೆಯುವ ಗಿಡವೇ. ಆದರೆ ಮಾರ್ಚಿಯ ಉರಿಯಲ್ಲಿ ಹೂಮಳೆಯೂ ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಯೂ ಹೊತ್ತಿಗೆ ಬಾರದೆ ಹೋದರೆ ಗೊಬ್ಬರವೊಂದರಿಂದ ಕಾಯಿ ಕಟ್ಟುವುದಿಲ್ಲ ಎಂಬುದನ್ನು ಅರೇಬಿಕಾ ಬೆಳೆದವರಿಗೆ ಹೇಳಬೇಕಾಗಿಲ್ಲ.

ಇನ್ನು ನಾಲ್ಕನೇ ಪ್ರಶ್ನೆ: ಮುಂದೆ ಎಷ್ಟು? ಅನಿಲ ಎರಡರಷ್ಟಾದರೆ, ನೀರಾವಿ, ಹಿಮ, ಮೋಡದ ಪರಿಣಾಮ ಬಿಟ್ಟು, ಸುಮಾರು 1.2 ಡಿಗ್ರಿ. ಎಲ್ಲ ಸೇರಿದರೆ 2.5ರಿಂದ 4 ಡಿಗ್ರಿ ಎನ್ನುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಅಂದಾಜು. ಅಂತರ ದೊಡ್ಡದು, ಮೋಡಗಳು ಲೆಕ್ಕಕ್ಕೆ ಸುಲಭವಾಗಿ ಸಿಗದಿರುವುದು ಮುಖ್ಯ ಕಾರಣ. ರಿಚರ್ಡ್ ಲಿಂಡ್ಜೆನ್‌ರಂಥ ನುರಿತ ವಿಜ್ಞಾನಿ ಇನ್ನೂ ಕಡಿಮೆ ಎಂದು ವಾದಿಸಿದ್ದಾರೆ. ಅವರ ಅಂದಾಜನ್ನು ಬಹುತೇಕ ವಿಜ್ಞಾನಿಗಳು ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ, ಆದರೆ ವಾದ ನಡೆಯಬೇಕಾದ ಜಾಗ ಇದೇ. ಇಲ್ಲಿ ದೊಡ್ಡಪ್ಪ ‘ಹಾಗಾದ್ರೆ ನಿಮಗೂ ಪೂರ್ತಿ ಗೊತ್ತಿಲ್ಲ’ ಅಂದರು. ‘ಎಷ್ಟು ಅನ್ನೋದು ಪೂರ್ತಿ ಗೊತ್ತಿಲ್ಲ ದೊಡ್ಡಪ್ಪ. ಬಿಸಿ ಮಾಡುತ್ತೆ ಅನ್ನೋದು ಗೊತ್ತು’ ಅಂದೆ.

ಏಳನೆಯದು: ಈಗ ಮಳೆ ಪುಸ್ತಕ ತೆರೆಯಿರಿ

ಇಷ್ಟೆಲ್ಲ ಆದ ಮೇಲೆ ಪುಸ್ತಕ ತೆರೆದರೆ ಅದನ್ನು ಬೇರೆ ಕಣ್ಣಿನಿಂದ ನೋಡಬಹುದು. 2018, 2019ರ ಆಗಸ್ಟ್ ಮಳೆ, 2023ರ ಬರ: ಒಂದೊಂದನ್ನೇ ಎತ್ತಿಕೊಂಡು ‘ಇದು ಹೊಗೆಯಿಂದ ಆದದ್ದು’ ಎನ್ನಬೇಡಿ. 2023ರಲ್ಲಿ ಎಲ್ ನಿನೊ ಇತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಹಲವು ಸಲ ಕುಗ್ಗಿಸುವ ಸಹಜ ಏರಿಳಿತ. ಗುಡ್ಡ ಕುಸಿದ ಕಡೆ ರಸ್ತೆಗೆ ಬುಡ ಕಡಿದದ್ದು, ಇಳಿಜಾರಿನ ನೀರಿನ ದಾರಿ ಮುಚ್ಚಿದ್ದು ಎಲ್ಲ ಸೇರಿರುತ್ತದೆ. ಕಾಡು ಮರ ತೆಗೆದು ಬರೀ ಸಿಲ್ವರ್ ಓಕ್ ನೆಟ್ಟ ತೋಟದ ತಂಪೇ ಬೇರೆ. ಅದರ ಹೊಣೆ ಕಲ್ಲಿದ್ದಲಿನದ್ದಲ್ಲ. ಉತ್ತರ ಭಾರತದ ಬಯಲುಗಳ ಮೇಲೆ ಕವಿಯುವ ಹೊಗೆ ಮಂಜು ಬಿಸಿಲನ್ನು ತಡೆದು, ಭಾರತದ ಬಿಸಿಯನ್ನು ಒಂದಷ್ಟು ಮರೆಮಾಡಿದೆ, ಮುಂಗಾರನ್ನೂ ಕುಗ್ಗಿಸಿದೆ. ಇಷ್ಟು ಕೈಗಳು ಆಡಿದ ಜಾಗದಲ್ಲಿ ಒಂದು ಕೈಯನ್ನು ಒಂದೇ ತೋಟದ ಡಬ್ಬಿಯಿಂದ ಹಿಡಿಯಲಾಗದು.

ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು. ಬಿಸಿಯಾದ ಗಾಳಿ ಹೆಚ್ಚು ನೀರು ಹೊರುವುದರಿಂದ, ಸುರಿದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚು. ಹಾಗಾಗಿ ಪುಸ್ತಕದಲ್ಲಿ ವರ್ಷದ ಒಟ್ಟು ಮಳೆ ನೋಡುವ ಬದಲು, ಒಂದೇ ದಿನ ನಾಲ್ಕು ಇಂಚು ದಾಟಿದ ದಿನಗಳನ್ನು ದಶಕವಾರು ಎಣಿಸಿ. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತೆ’ ಎನ್ನುತ್ತಿದ್ದರಲ್ಲ, ಆ ಹದಿನಾಲ್ಕು ದಿನದಲ್ಲಿ ಮಳೆ ಇಲ್ಲದ ದಿನ ಎಷ್ಟು ಎಂದೂ ಎಣಿಸಿ. ನಿಮ್ಮ ತೋಟದೊಂದರಿಂದಲೇ ತೀರ್ಪು ಕೊಡಬೇಡಿ. ಅಕ್ಕಪಕ್ಕದ ಪುಸ್ತಕಗಳು, ಹವಾಮಾನ ಇಲಾಖೆಯ ದಾಖಲೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪನದ ಅಂಕಿ, ಇವುಗಳ ಜೊತೆ ಇಟ್ಟು ನೋಡಿ. ಕನಿಷ್ಠ ಮೂವತ್ತು ವರ್ಷದ ಸರಾಸರಿ ಬೇಕು. ನಾವು ಎಣಿಸಿದಾಗ ದೊಡ್ಡಪ್ಪನ ಪುಸ್ತಕ ಯಾವ ಕಡೆಗೂ ಸ್ಪಷ್ಟವಾಗಿ ಹೇಳಲಿಲ್ಲ. ಅದನ್ನೂ ಹಾಳೆಯಲ್ಲಿ ಹಾಗೆಯೇ ಬರೆದೆವು.

ಕೊನೆಗೆ: ಪುಸ್ತಕಕ್ಕೆ ಒಂದು ಹೊಸ ಕಾಲಂ

ಮಳೆಗಿಂತ ರಾತ್ರಿಯ ಕನಿಷ್ಠ ತಾಪ ಕಡಿಮೆ ಏರಿಳಿಯುವ ಅಳತೆ. ಪೇಟೆಯಲ್ಲಿ ಸಿಗುವ ಕನಿಷ್ಠ-ಗರಿಷ್ಠ ಥರ್ಮಾಮೀಟರ್ ತಂದು, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಸಿಮೆಂಟಿನ ಕಣದ ಪಕ್ಕ, ಅಡುಗೆಮನೆ ಗೋಡೆ, ತಗಡಿನ ಶೀಟಿನ ಕೆಳಗೆ ಬೇಡ. ಒಂದು ಸಲ ಹಾಕಿದ ಜಾಗ ಬದಲಿಸಬೇಡಿ. ಬದಲಿಸಲೇಬೇಕಾದರೆ ತಾರೀಕು ಹಾಕಿ ಕಾರಣ ಬರೆಯಿರಿ. ಸುತ್ತಲಿನ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿಸಿದ ದಿನವನ್ನೂ ಬರೆದಿಡಿ, ನೆರಳು ತೆಳುವಾದರೆ ಅಳತೆಯೂ ಬದಲಾಗುತ್ತದೆ. ಮಳೆ ಅಳೆಯುವ ಹೊತ್ತಿಗೇ ಓದಿ.

ದೊಡ್ಡಪ್ಪ ತಮ್ಮ ಮಳೆ ಪುಸ್ತಕದಲ್ಲಿ ಸೆಂಟಿನ ಕಾಲಂ ಪಕ್ಕ ಕೆಂಪು ಪೆನ್ನಿನಿಂದ ಗೆರೆ ಎಳೆದು ‘ಚಳಿ’ ಎಂದು ಬರೆದುಕೊಂಡಿದ್ದಾರೆ. ಅವರು ಊರಲ್ಲಿ ಇಲ್ಲದ ದಿನ ತೋಟದ ಲೆಕ್ಕ ಬರೆಯುವ ರೈಟರ್ ನೋಡಿ ಬರೆಯುತ್ತಾರೆ. ಎರಡನೇ ಹಾಳೆ, ಸರ್ಕಾರದ ವಿಷಯದ್ದು, ಇನ್ನೂ ಮೇಜಿನ ಡ್ರಾಯರಿನಲ್ಲಿದೆ. ಈ ಸಲದ ಕೊಯ್ಲು ಮುಗಿದ ಮೇಲೆ ಅದಕ್ಕೆ ಕೂರುವವರಿದ್ದೇವೆ.